ಕೋಳಿ ಕೂಗದ ಹಟ್ಟಿಗೆ ಬಂದ ಮುಚ್ಚಳ

ನಮ್ಮ ಹಟ್ಟಿಯಲ್ಲಿ ಕೋಳಿ ಕೂಗುವುದಿಲ್ಲ. ಹಾಗಾದರೆ ಬೆಳಗಾಗಿದ್ದು ಹೇಗೆ ಗೊತ್ತಾಗುತ್ತೆ ಎಂದು ನನ್ನ ಗೆಳತಿಯರು ಗೇಲಿ ಮಾಡುತ್ತಿದ್ದರು. ನಮ್ಮತ್ತೆ ಕೊಲ್ಲಾಪುರಮ್ಮ ಎದ್ದು "ವನಜಾಕ್ಷೀ" ಎಂದು ಕೂಗಿದರೆ ಇಡೀ ಹಟ್ಟಿಗೇ ಬೆಳಗಾಗುತ್ತದೆ, ಕೋಳಿ ಯಾಕೆ? ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಅದು ಸೋಕಿದ್ದನ್ನು ಒಳಗೆ ತರುವುದಿಲ್ಲ. ಹಿರಿಯರು ಹಾಕಿಕೊಟ್ಟ ಕಟ್ಟು. ಈಗಿನವರು ಬಳ್ಳಾರಿಗೆ ಹೋದಾಗ ಏನು ತಿನ್ನುತ್ತಾರೋ ಯಾರು ಕಂಡರು? ನಾನೇ ಚಿತ್ರದುರ್ಗದ ಹಾಸ್ಟೆಲಿನಲ್ಲಿ ಮೊಟ್ಟೆ ತಿಂದವಳು. ಆದರೆ ನಮ್ಮ ಮಾವ ಗಾದ್ರಪ್ಪನವರು ಹೋಟೆಲಿನಲ್ಲಿ ಒಂದು ಲೋಟ ಟೀ ಕುಡಿದವರಲ್ಲ. ಮಂಡಿನೋವಿಗೆ ಚಳ್ಳಕೆರೆಯ ಆಸ್ಪತ್ರೆಯಲ್ಲಿ ಮೂರು ದಿನ ಇದ್ದಾಗಲೂ ಮನೆಯಿಂದ ಕಟ್ಟಿಕೊಂಡು ಹೋದ ಮಂಡಕ್ಕಿ, ಬೆಲ್ಲದಲ್ಲೇ ಕಳೆದರು.

ಅವರು ದೇವರ ಪೂಜಾರಿ. ಐದು ವರ್ಷಕ್ಕೊಮ್ಮೆ ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು, ಬರಿಗಾಲಲ್ಲಿ ಹದಿನಾಲ್ಕು ಮೈಲಿ ನಡೆದು ಹೊಳೆ ಮುಟ್ಟಿಸಬೇಕು. ನಾಲ್ಕು ಸಲ ಹೊತ್ತಿದ್ದರು. ಈ ಸಲ ಮಂಡಿ ಕೈಕೊಟ್ಟಿತು. ಪೂಜಾರಿಯ ಕೈಲಿ ಆಗದಿದ್ದರೆ ಪೆಟ್ಟಿಗೆಯ ಹೊಣೆ ಹಟ್ಟಿಯ ಇನ್ನೊಬ್ಬ ಹಿರಿಯ ಅಜ್ಜಪ್ಪನ ಮನೆತನಕ್ಕೆ ಹೋಗುತ್ತದೆ, ಮತ್ತೆ ತಿರುಗಿ ಬರುವುದಿಲ್ಲ. ಮಾವ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಊಟ ಅರ್ಧ ಮಾಡಿದರು, ಅಷ್ಟೇ.

ನನ್ನ ಗಂಡ ಚಿರಂಜೀವಿ ಹಿಂದಿನ ವರ್ಷ ಪಿಕಪ್ ತಗೊಂಡಿದ್ದ. ಮುಂದೆ ಐದು ಜನ ಕೂರಬಹುದು, ಹಿಂದೆ ತೆರೆದ ತೊಟ್ಟಿ. ಅದರಲ್ಲಿ ದಾಳಿಂಬೆ, ಈರುಳ್ಳಿ ಸಾಗಿಸುತ್ತಾನೆ. ಪೆಟ್ಟಿಗೆ ಪಿಕಪ್ಪಿನಲ್ಲಿ ಹೋಗಲಿ, ಅಪ್ಪ ಮುಂದೆ ಕೂರಲಿ ಎಂದು ಹಿರಿಯರ ಮುಂದೆ ಕೇಳಿದ. ಗುಡಿಯ ಎದುರಿನ ಬೇವಿನ ಮರದ ಕೆಳಗೆ ಮೂರು ಸಂಜೆ ಜಗಳವಾಯಿತು. ಕೊನೆಗೆ ಅಜ್ಜಪ್ಪನೇ ಒಂದು ಷರತ್ತು ಹಾಕಿದ.

"ಲೇ ಚಿರಂಜೀವಿ, ಈರುಳ್ಳಿ ಸಾಗಿಸ್ದಂಗೆ ತಾಡಪಾಲು ಕಟ್ಟಿ ದೇವ್ರನ್ನ ಸಾಗಿಸ್ತೀಯೇನೋ? ಗಟ್ಟಿ ಮುಚ್ಚಳ ಇರ್ಬೇಕು. ಇಲ್ಲಾಂದ್ರೆ ನಾವೇ ಹೊರ್ತೀವಿ."

ಹೊಳೆಗೆ ಹೋಗಲು ಆರು ದಿನ ಉಳಿದಿತ್ತು. ಪೆಟ್ಟಿಗೆಯನ್ನು ಪೂಜಾರಿ ಬಿಟ್ಟು ಯಾರೂ ಮುಟ್ಟುವಂತಿಲ್ಲ. ಮಾವನೇ ಗುಡಿಯೊಳಗೆ ಹೋಗಿ, ಜೋಳದ ದಂಟೊಂದನ್ನು ಪೆಟ್ಟಿಗೆಯ ಎತ್ತರಕ್ಕೆ ಮುರಿದು ತಂದು ನನ್ನ ಕೈಗೆ ಕೊಟ್ಟರು. "ಹುಷಾರು ಕಣವ್ವ, ಅವ್ನು ಅವಸರದೋನು. ನೀನು ನೋಡಿ ಆರಿಸು" ಎಂದರು. ಮಗನನ್ನು ಬಿಟ್ಟು ನನ್ನನ್ನು ನಂಬಿದ್ದಕ್ಕೆ ನನಗೆ ಒಳಗೊಳಗೇ ಹಿಗ್ಗು.

ತಳಕು ದಾಟಿ ಚಳ್ಳಕೆರೆಗೆ ಹೋದೆವು. ಗಾಡಿ ಸಾಮಾನಿನ ಅಂಗಡಿಯ ಕಾಮಣ್ಣ ಮೂರು ತರಹದ ಮುಚ್ಚಳ ತೋರಿಸಿದ. ಒಂದು ಅಲ್ಯೂಮಿನಿಯಂ ಹಲಗೆಗಳದು, ಮೂರು ಮಡಿಕೆಯಾಗಿ ಮಡಚುತ್ತದೆ. ಹಗುರ, ಚೆಂದ, ಆದರೆ ತೊಟ್ಟಿಯ ಅಂಚಿಗಿಂತ ಕೆಳಗೆ ಕೂರುತ್ತದೆ. ದಂಟು ನಿಲ್ಲಿಸಿ ನೋಡಿದರೆ ಎರಡು ಬೆರಳಿನಷ್ಟು ಎತ್ತರ ಸಾಲಲಿಲ್ಲ. ಇನ್ನೊಂದು ಅಂಗಡಿ ಬಾಗಿಲಿನ ಹಾಗೆ ಸುತ್ತಿಕೊಳ್ಳುವ ಶಟರ್. ಅದು ಸುತ್ತಿಕೊಳ್ಳುವ ಡಬ್ಬವೇ ತೊಟ್ಟಿಯಲ್ಲಿ ಒಂದು ಮೊಳ ಜಾಗ ತಿನ್ನುತ್ತದೆ. ಮೂರನೆಯದು ಒಂದೇ ಹಲಗೆಯ ಫೈಬರ್ ಮುಚ್ಚಳ. ನಡುವೆ ಸ್ವಲ್ಪ ಉಬ್ಬು, ಸುತ್ತ ರಬ್ಬರು, ಎರಡು ಕಡೆ ಬೀಗ. ದಂಟು ಅದರ ಕೆಳಗೆ ಸಲೀಸಾಗಿ ನಿಂತಿತು.

"ಇದೇ ಕೊಡ್ರಿ" ಎಂದೆ.

"ಹೊಸದು ಆರ್ಡರ್ ಕೊಟ್ರೆ ತಿಂಗ್ಳಾಗುತ್ತಮ್ಮ. ಇದು ಒಬ್ರ ಗಾಡಿಯಿಂದ ಬಿಚ್ಚಿದ್ದು, ನಿಮ್ಮ ಗಾಡಿಗೆ ಕರೆಕ್ಟಾಗಿ ಕೂರುತ್ತೆ" ಎಂದ ಕಾಮಣ್ಣ.

ಚಿರಂಜೀವಿ ಬೀಗ ತಿರುಗಿಸಿ ನೋಡಿದ, ಬಿರುಕು ಹುಡುಕಿದ. ನಾನು ನೀರು ಹೊಯ್ಯಿಸಿ, ಒಳಗೆ ಸೋರುತ್ತದೆಯೇ ಎಂದು ಬಗ್ಗಿ ನೋಡಿದೆ. ಸೊಸೆ ತರುವಾಗ ಬೆಡಗು, ಬಳ್ಳಿ ಎಂದು ಕುಲವನ್ನೆಲ್ಲ ಕೆದಕಿ ಕೇಳುವ ಜನ ನಾವು. ಆ ಗಾಡಿಯಲ್ಲಿ ಏನು ಸಾಗಿಸುತ್ತಿದ್ದರು ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ.

ಮನೆಗೆ ತಂದಾಗ ಮಾವ ಗಂಜಲ ಚಿಮುಕಿಸಿ, ಮುಚ್ಚಳವನ್ನು ನಾಲ್ಕು ಸಲ ಎತ್ತಿ ಇಳಿಸಿದರು. ಅದು ತಾನಾಗಿ ಮೆಲ್ಲಗೆ ಮೇಲೇಳುವುದನ್ನು ನೋಡಿ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಮದುವೆಯಾದ ಮೇಲೆ ಕಂಡಿರಲಿಲ್ಲ. ಆ ರಾತ್ರಿ ತಟ್ಟೆಯಲ್ಲಿ ಮುದ್ದೆ ಉಳಿಯಲಿಲ್ಲ.

ಮಾರನೆಯ ದಿನ ಒಳಮೈ ತಿಕ್ಕಲು ಸೀಗೆಪುಡಿ ಹಿಡಿದು ನಾನು ತೊಟ್ಟಿ ಹತ್ತಿದೆ. ಮೂಲೆಯ ರಬ್ಬರಿನ ಸಂದಿಯಲ್ಲಿ ಏನೋ ಬೆಳ್ಳಗೆ ಸಿಕ್ಕಿಕೊಂಡಿತ್ತು. ಎಳೆದರೆ ಪುಕ್ಕ. ಇನ್ನಷ್ಟು ಎಳೆದೆ. ಐದಾರು ಬಂದವು, ಹಿಕ್ಕೆಯ ಸಮೇತ. ಅಲ್ಲೇ ಕೂತು ಕಾಮಣ್ಣನಿಗೆ ಫೋನು ಹಚ್ಚಿದೆ.

"ಕೋಳಿ ಫಾರಂನೋರ ಗಾಡಿದಮ್ಮ" ಎಂದ ಪಾಪ. "ಯಾಕೆ, ಸೋರ್ತೈತಾ?"

ಚಿರಂಜೀವಿಗೆ ತೋರಿಸಿದೆ. ಅವನು ಪುಕ್ಕವನ್ನು ಕಿತ್ತುಕೊಂಡು ಒಲೆಗೆ ಹಾಕಿದ. "ಸುಮ್ನಿರು. ತೊಳ್ದಾಯ್ತಲ್ಲ? ಅಪ್ಪಂಗೆ ಇದೊಂದೇ ಆಸೆ ಉಳ್ದಿರೋದು. ಹೇಳಿದ್ರೆ ಅವ್ರು ಹೋಗಲ್ಲ. ಹೇಳ್ದಿದ್ರೆ ಯಾರಿಗೇನು ನಷ್ಟ?"

ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಮೊಟ್ಟೆ ತಿಂದ ನನಗೆ ಏನೂ ಆಗಿಲ್ಲವಲ್ಲ. ಮೂರು ದಿನ ತೆಪ್ಪಗಿದ್ದೆ. ಮೂರು ದಿನವೂ ಮಾವ ಊಟಕ್ಕೆ ಕೂತಾಗ ಪುಕ್ಕ ಮುಟ್ಟಿದ ಅದೇ ಕೈಯಲ್ಲಿ ಬಡಿಸಿದೆ. ನಾನು ತಿಂದಿದ್ದು ನನ್ನ ಬಾಯಿ, ನನ್ನ ಇಷ್ಟ. ಇದು ಬೇರೆ. ಎಪ್ಪತ್ತು ವರ್ಷ ಒಬ್ಬ ಮನುಷ್ಯ ಹಸಿದು, ಬಾಯಾರಿ ಕಾಪಾಡಿಕೊಂಡಿದ್ದನ್ನು ನಾನು ಅವರಿಗೆ ಗೊತ್ತಿಲ್ಲದ ಹಾಗೆ ಕೆಡಿಸುತ್ತಿದ್ದೆ. ಒಳ್ಳೆಯದಕ್ಕೇ ಮಾಡಿದೆ ಅಂದುಕೊಂಡರೂ ಅದು ಮೋಸವೇ.

ನಾಳೆ ಹೊಳೆಗೆ ಎನ್ನುವ ದಿನದ ಮಧ್ಯಾಹ್ನ ಮಾವ ಜಗಲಿಯ ಮೇಲೆ ಕೂತು ಪೆಟ್ಟಿಗೆಗೆ ಹೊದಿಸುವ ಕರಿಕಂಬಳಿ ಕೊಡವುತ್ತಿದ್ದರು. ನಾನು ಅವರ ಮುಂದೆ ನೆಲದ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ಅಂಗಡಿಯಲ್ಲಿ ಕೇಳದೆ ಬಂದದ್ದು, ಪುಕ್ಕ, ಫೋನು, ಎಲ್ಲ.

ಅವರು ಕಂಬಳಿಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡರು.

"ಗೊತ್ತಾಗಿ ಎಷ್ಟು ದಿನ ಆತು?"

"ಮೂರು ದಿನ."

"ಮೂರು ದಿನ ನಂಗೆ ಉಣ್ಣಕ್ಕಿಕ್ಕಿದ್ದೀಯ."

ನನಗೆ ಅಳು ಬಂತು. ಬೈಯಲಿ, ಹೊಡೆಯಲಿ ಅನ್ನಿಸಿತು. ಅವರು ಬೈಯಲಿಲ್ಲ. ಗೋಡೆ ಹಿಡಿದು ಎದ್ದರು, ಕೋಲು ಕೇಳಿದರು, ಬೇವಿನ ಮರದ ಕಡೆ ಹೊರಟರು. ಅಲ್ಲಿ ನಾಳೆಯ ಮಾತಿಗೆ ಹಿರಿಯರು ಸೇರಿದ್ದರು. ನಾನು ಹಿಂದೆಯೇ ಓಡಿದೆ. ಇನ್ನು ನನ್ನ ಮಾನ ಹರಾಜಾಯಿತು ಅಂದುಕೊಂಡೆ. ಪೂಜಾರಿಯ ಸೊಸೆ ದೇವರಿಗೆ ಕೋಳಿಗೂಡು ತಂದಳು ಎಂದರೆ ಮನೆತನಕ್ಕೇ ದಂಡ ಹಾಕುತ್ತಾರೆ, ನನ್ನ ತವರಿನವರನ್ನೂ ಕರೆಸುತ್ತಾರೆ.

ಮಾವ ಮರದ ಕೆಳಗೆ ನಿಂತರು, ಕೂರಲಿಲ್ಲ.

"ಪೆಟ್ಟಿಗೆ ನೀವೇ ಹೊತ್ಕಳ್ರಪ್ಪ, ಅಜ್ಜಪ್ಪ. ಇನ್ಮ್ಯಾಲೆ ನಿಮ್ಮದೇ."

"ಯಾಕೆ ಗಾದ್ರಣ್ಣ? ಗಾಡಿ ಸಿಂಗಾರ ಆಗೈತಲ್ಲ!" ಎಂದ ಅಜ್ಜಪ್ಪ.

"ನಂಗೆ ಗಾಡಿ ಅಂದ್ರೆ ಭಯ ಕಣಪ್ಪ. ನಿನ್ನೆ ಹತ್ತಿ ನೋಡ್ದೆ, ತಲೆ ಸುತ್ತಿ ಬಂತು. ನನ್ ಕೈಲಾಗಲ್ಲ."

ಯಾರೋ ಕಿಸಕ್ಕೆಂದರು. ಸೊಂಡೂರು ಗುಡ್ಡದಲ್ಲಿ ಕರಡಿಯ ಎದುರು ನಿಂತ ಗಾದ್ರಪ್ಪ ಮಗನ ಪಿಕಪ್ಪಿಗೆ ಹೆದರಿದನಂತೆ ಎಂದು ನಗೆ ಎದ್ದಿತು. ಅಷ್ಟೆಲ್ಲ ಜಗಳ ಮಾಡಿಸಿ, ಮುಚ್ಚಳ ಹಾಕಿಸಿ, ಈಗ ಅಂಜುಕುಳಿ ಆದನಲ್ಲ ಎಂದರು. ಚಿರಂಜೀವಿ ತಲೆ ತಗ್ಗಿಸಿ ನಿಂತಿದ್ದ. ನಾನು ಬಾಯಿ ತೆರೆಯಲು ಹೋದೆ. ಮಾವ ನನ್ನ ಕಡೆ ತಿರುಗಿ, ಬೇಡ ಎನ್ನುವ ಹಾಗೆ ಕಣ್ಣಲ್ಲೇ ತಡೆದರು.

ದೇವರ ಗುಡಿಯ ಎದುರು ನಿಂತು ಅವರು ಯಾವತ್ತೂ ಸುಳ್ಳು ಹೇಳಿದವರಲ್ಲ. ಅದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಅದಕ್ಕೇ ಎಲ್ಲರೂ ನಂಬಿದರು.