ತೊಲೆ ಎತ್ತುವ ಮುನ್ನ

ಕೊಕ್ಕೆಗೆ ಉಕ್ಕಿನ ತೊಲೆ ಬಿಗಿದು, ಇನ್ನೇನು ಎತ್ತಬೇಕು ಎನ್ನುವಷ್ಟರಲ್ಲಿ ಕ್ರೇನಿನ ಕ್ಯಾಬಿನ್ನಿನಲ್ಲಿದ್ದ ಅವಳ ಫೋನು ಕಿರುಚಿಕೊಂಡಿತು. ತೋಳಿಗೆ ಅಂಟಿಸಿಕೊಂಡ ಸೆನ್ಸರ್ ಸುದ್ದಿ ಮುಟ್ಟಿಸಿತ್ತು: ರಕ್ತದ ಸಕ್ಕರೆ ಇಳಿಯುತ್ತಿದೆ.

ಇದಕ್ಕೂ ಇಂಥ ಹೊತ್ತೇ ಬೇಕಿತ್ತೇ! ಕೆಳಗೆ ಕಟ್ಟಡದ ಮಾಲೀಕರೇ ಬಂದು ನಿಂತಿದ್ದರು. ಸಕ್ಕರೆ ಕಾಯಿಲೆ ಎಂದು ತಿಳಿದ ದಿನವೇ ಇಂಜಿನಿಯರು ಅವಳನ್ನು ಇಳಿಸಿ ಗೇಟು ಕಾಯಲು ಕೂರಿಸಹೊರಟಿದ್ದ. ಅವಳು ಜಗ್ಗಲಿಲ್ಲ. ನಾಲಿಗೆ ಚಪಲಕ್ಕೆ ಕಡಿವಾಣ ಹಾಕಿದಳು, ಬೆಳಿಗ್ಗೆ ಎದ್ದು ಬಿರುಸಾಗಿ ನಡೆದಳು, ಡಾಕ್ಟರ ಒಪ್ಪಿಗೆಯನ್ನೂ ತಂದಳು. "ಒಂದ್ಸಲ ಎಡವಟ್ಟಾದ್ರೂ ಗೇಟೇ ಗತಿ" ಎಂದು ಅವನು ಗೊಣಗುತ್ತಲೇ ಒಪ್ಪಿದ್ದ.

ಬಾಯಿ ಮುಚ್ಚಿಕೊಂಡು ಎತ್ತಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬೆರಳು ಸಣ್ಣಗೆ ನಡುಗುತ್ತಿತ್ತು, ತೊಲೆಗೆ ಕೊಕ್ಕೆ ಹಾಕಿ ಪಕ್ಕದಲ್ಲೇ ನಿಂತವನು ಅವಳ ಮೈದುನ. ಬೇರೆ ಯಾರೇ ಆಗಿದ್ದರೂ ಅವಳ ಕೈ ಏಳುತ್ತಿರಲಿಲ್ಲ, ಬಿಡಿ. ಗ್ಲೂಕೋಸ್ ಮಾತ್ರೆ ಬಾಯಿಗೆ ಹಾಕಿಕೊಂಡು ವಾಕಿಟಾಕಿ ಒತ್ತಿದಳು.

"ಎಲ್ರೂ ಕೇಳಿಸ್ಕೊಳ್ಳಿ. ನನ್ ಶುಗರ್ ಇಳೀತಿದೆ. ಸರಿಹೋಗೋವರೆಗೂ ಎತ್ತಲ್ಲ."

"ಮಾಲೀಕ್ರು ನಿಂತಿದಾರಮ್ಮ! ಇದೊಂದು ಎತ್ತಿಬಿಡು!" ಇಂಜಿನಿಯರು ಹಲ್ಲು ಕಡಿದ.

"ಅವರಿಗೊಂದು ಕುರ್ಚಿ ಹಾಕ್ಸಿ ಸಾರ್."

ಕೆಳಗಿನಿಂದ ಮೈದುನನ ದನಿ ಬಂತು. "ನಾವು ಕಾಯ್ತೀವಿ ಅತ್ತಿಗೆ. ನಿಧಾನಕ್ಕೆ ಜಗೀರಿ."

ಹೇಳಿದ್ದಾಯಿತು. ಗೇಟಿನ ಸ್ಟೂಲು ಕಣ್ಣಿಗೆ ಕಟ್ಟಿತು. ಆದರೂ ತನ್ನ ಬಗ್ಗೆ ತನಗೇ ಹೆಮ್ಮೆಯೆನಿಸಿತು, ಬೆನ್ನು ನೆಟ್ಟಗಾಯಿತು. ಫೋನಿನಲ್ಲಿ ಸಕ್ಕರೆಯ ಅಂಕಿ ಮೇಲೇರಿ, ಕೈ ಸ್ಥಿರವಾದ ಮೇಲೆಯೇ ಕ್ರೇನಿನ ಲಿವರ್ ಹಿಡಿದಳು. ತೊಲೆ ಒಂದಿಷ್ಟೂ ತೂಗಾಡದೆ ಮೇಲೆ ಹೋಗಿ, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸಿದಂತೆ ಕಂಬಗಳ ಮೇಲೆ ಕೂತಿತು.

ವಾಕಿಟಾಕಿಯಲ್ಲಿ ಮಾಲೀಕರೇ ಮಾತಾಡಿದರು. "ನಾಳೆ ಇದಕ್ಕಿಂತ ದೊಡ್ಡದು ಬರುತ್ತೆ. ಅದನ್ನೂ ಈಯಮ್ಮನೇ ಎತ್ಲಿ."

ಇಂಜಿನಿಯರು ಕೆಮ್ಮಿದ. ಆಮೇಲೆ ಇನ್ನೊಂದು ದನಿ ಬಂತು. ಆಚೆ ತುದಿಯ ಕ್ರೇನಿನಲ್ಲಿ ಕೂತಿದ್ದ ಮುದುಕ, ಅವಳಿಗೆ ಈ ಕೆಲಸ ಕಲಿಸಿದವನು.

"ಮಗಾ, ನಂಗೂ ಸಕ್ಕರೆ ಇದೆ ಕಣಮ್ಮ. ಕೆಲಸ ಹೋದೀತು ಅಂತ ಇಷ್ಟು ವರ್ಷ ಬಾಯಿಬಿಟ್ಟಿರ್ಲಿಲ್ಲ. ಈಗ ಕೈ ನಡುಗ್ತಿದೆ. ನಾನೂ ಒಂದ್ಗಳಿಗೆ ನಿಲ್ಲಿಸ್ತೀನಿ."

ಅವಳು ಮತ್ತೆ ವಾಕಿಟಾಕಿ ಒತ್ತಿದಳು. "ಕಾಯ್ತೀವಿ ಗುರುಗಳೇ" ಎಂದಳು.

ಆಚೆಯ ಕ್ರೇನಿನ ಉದ್ದನೆಯ ತೋಳು ತಿರುಗುವುದನ್ನು ನಿಧಾನ ಮಾಡಿ, ಬಿಸಿಲಿನಲ್ಲಿ ಅಲುಗದೆ ನಿಂತಿತು.