ಹಜರ್ ಬೆಟ್ಟದಲ್ಲಿ ಒಂಬತ್ತನೇ ಕ್ಲಾಸು

ಯುಎಇಯ ಅಲ್ ಐನ್‌ನ ಶಾಲೆಯೊಂದರಲ್ಲಿ ಭೂಗೋಳ ಕಲಿಸುವ ಸುಸನ್ ಪಾಯ್ಸ್‌ಗೆ ಆ ಪ್ರವಾಸವೇ ಬೇಡವಾಗಿತ್ತು. ಉತ್ತರಪತ್ರಿಕೆ ತಿದ್ದಿ ತಿದ್ದಿ ಜೀವ ಸೋತುಹೋಗಿತ್ತು. ಆದರೆ ಪ್ರಿನ್ಸಿಪಾಲರ ಹತ್ತಿರ ವಾದ ಮಾಡುವುದಕ್ಕಿಂತ ಹೋಗಿಬರುವುದೇ ಸುಲಭ ಅನ್ನಿಸಿತು. 2016ರ ಮಾರ್ಚ್‌ನ ಒಂದು ಬೆಳಿಗ್ಗೆ ಒಂಬತ್ತನೇ ಕ್ಲಾಸಿನ ಹುಡುಗಿಯರನ್ನು ಬಸ್ಸಿಗೆ ಹತ್ತಿಸಿಕೊಂಡು ಫುಜೈರಾ ಕಡೆಯ ಹಜರ್ ಬೆಟ್ಟಗಳಿಗೆ ಹೊರಟಳು.

ಒಣಗಿದ ಕಣಿವೆಯೊಂದರ ಬಾಯಲ್ಲಿ ಡ್ರೈವರ್ ಉಮ್ಮರಬ್ಬ ಬಸ್ ನಿಲ್ಲಿಸಿದ. ಸುಸನ್ ಪಾಠ ಒಪ್ಪಿಸಿದಳು: ಈ ಕಪ್ಪು ಕಲ್ಲು ಕಡಲಡಿಯಲ್ಲಿ ಬೆಂಕಿಯಿಂದ ಹುಟ್ಟಿದ್ದು, ಭೂಮಿಯೇ ಅದನ್ನು ಮೇಲಕ್ಕೆ ದೂಡಿ ದಂಡೆಯುದ್ದಕ್ಕೂ ಗೋಡೆ ಎಬ್ಬಿಸಿದೆ, ಮಣ್ಣಿಲ್ಲ, ಮರವಿಲ್ಲ, ಬಿದ್ದ ಮಳೆ ಇಂಗದೆ ಈ ಕಣಿವೆಗಳಲ್ಲೇ ಕಡಲಿಗೆ ಓಡುತ್ತದೆ. ಯಾರೂ ಕಿವಿಗೊಡಲಿಲ್ಲ. ಹುಡುಗಿಯರು ಕಣಿವೆಗಿಳಿದು ಸೆಲ್ಫಿ ತೆಗೆಯತೊಡಗಿದರು. ಅವಳು ಬಂಡೆಯ ನೆರಳಲ್ಲಿ ಕೂತು ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಸುತ್ತ ಬಿಸಿಲೇ ಇತ್ತು. ದೂರದ ಶಿಖರಗಳ ಮೇಲೆ ಮಾತ್ರ ಮೋಡ ಮಸಿಯಂತೆ ಕವಿದಿತ್ತು.

“ಮೇಲೆ ಬನ್ನಿ! ಎಲ್ಲರೂ!” ಎಂದು ಸುಸನ್ ಎದ್ದು ಕೂಗಿದಳು.

“ಮಿಸ್, ಫೈವ್ ಮಿನಿಟ್ಸ್ ಪ್ಲೀಸ್,” ಅಂದಳು ಅಶ್ಮಿತಾ ಎಂಬ ಹುಡುಗಿ.

ಸುಸನ್ ದಡದಡನೆ ಇಳಿದು ಅವಳ ರಟ್ಟೆ ಹಿಡಿದು ಎಳೆದಳು. ಉಳಿದವರು ಹೆದರಿ ಹಿಂಬಾಲಿಸಿದರು. ಕೊನೆಯವಳು ಬಂಡೆ ಹತ್ತುವಷ್ಟರಲ್ಲಿ ಕಣಿವೆಯೊಳಗಿಂದ ಲಾರಿಗಳು ಬಂದಂಥ ಸದ್ದು. ಕೆನ್ನೀರು ಕಲ್ಲುಗಳನ್ನು ಉರುಳಿಸುತ್ತ ಬಂದು, ಕೆಳಗೆ ಬಿಟ್ಟಿದ್ದ ಚೀಲ, ಚಪ್ಪಲಿಗಳನ್ನೆಲ್ಲ ಬಾಚಿಕೊಂಡು ಹೋಯಿತು. ಅಶ್ಮಿತಾ ಟೀಚರನ್ನು ತಬ್ಬಿಕೊಂಡು ಅತ್ತಳು.

“ತಲೆ ಎಣಿಸಿ ಟೀಚರೇ,” ಎಂದ ಉಮ್ಮರಬ್ಬ.

ಎರಡೆರಡು ಸಲ ಎಣಿಸಿದಳು. ಯಾರೂ ಕಾಣೆಯಾಗಿರಲಿಲ್ಲ.

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಒಬ್ಬ ತಂದೆ, “ಮಕ್ಕಳನ್ನು ಅಲ್ಲಿ ಇಳಿಸಿದ್ದೇ ಯಾಕೆ?” ಎಂದು ಎಗರಾಡಿದ. “ಮೋಡ ನೋಡಿ ಇಳಿಸಬೇಕಿತ್ತು, ನೋಡಲಿಲ್ಲ,” ಅಂದಳು ಸುಸನ್. ಇನ್ನು ಮುಂದೆ ಪ್ರವಾಸವೇ ಖಲಾಸ್ ಎಂದು ಪ್ರಿನ್ಸಿಪಾಲರು ತೀರ್ಮಾನಿಸಿದರು. ಅವಳಿಗೆ ಸಿಟ್ಟು ಬರಲಿಲ್ಲ, ನೆಮ್ಮದಿಯೇ ಆಯಿತು.

ಸುದ್ದಿ ಕೇಳಿ ಗಂಡ ಡಿಕ್ಸನ್ ತಾನು ದುಡಿಯುವ ದುಬೈಯ ರಾಸ್ ಅಲ್ ಖೋರ್‌ನ ಗ್ಯಾರೇಜಿನಿಂದ ಮನೆಗೆ ಓಡಿಬಂದಿದ್ದ.

“ಅಷ್ಟು ಮಕ್ಕಳ ಜೀವ ಉಳಿಸಿದ್ದು ನಾನೇ ಅಂತ ಹೇಳ್ಬೇಕಿತ್ತಲ್ಲ ಮಾರಾಯ್ತಿ!”

“ಹೇಳ್ಲಿಕ್ಕೂ ಶಕ್ತಿ ಬೇಕಲ್ಲ, ಡಿಕ್ಸನ್.”

ಅವನು ಗಂಜಿ ಬಿಸಿಮಾಡಿ ಮುಂದಿಟ್ಟ. ಅರ್ಧ ಉಂಡವಳು ಬಟ್ಟಲಿನ ಮುಂದೆಯೇ ನಿದ್ದೆಹೋದಳು. ಅವನು ಎಬ್ಬಿಸಲಿಲ್ಲ.