ಒಂಬತ್ತು ಕಕ್ಕಸಿನ ಮನೆ

“ನನ್ನ ಬೇಲಿಗೆ ಉಚ್ಚೆ ಹುಯ್ದೋನು ಯಾವನ್ಲಾ?”

ವಿಟ್ಲಾಕ್ ಸಾಹೇಬ ಹುಲ್ಲಿನ ಮೇಲೆ ಬರಿಗಾಲಲ್ಲಿ ನಿಂತು, ಹಳದಿಯಾದ ನಾಲ್ಕು ಎಲೆಗಳನ್ನು ನಮ್ಮ ಮುಖಕ್ಕೆ ಹಿಡಿದ. ಬೇಲಿ ಕತ್ತರಿಸುತ್ತಿದ್ದ ನಾವು ಐವರು ಏಣಿ ಇಳಿದು ಸಾಲಾಗಿ ನಿಂತೆವು. ಎಲೆ ಹಳದಿಯಾದದ್ದು ಕಡಲಿನ ಉಪ್ಪುಗಾಳಿಗೆ. ಹಾಗೆಂದರೆ ಎದುರು ಮಾತಾಡಿದಂತಾಗುತ್ತದೆ.

“ನಮ್ಮೋರಲ್ಲ ಸಾಹೇಬ್ರೇ,” ಎಂದ ಮೇಸ್ತ್ರಿ ಒಕ್ತಾವಿಯೊ, ಟೋಪಿ ತೆಗೆದು.

“ಮತ್ತಿನ್ನೇನು, ನನ್ನ ಹೆಂಡ್ತಿ ಹುಯ್ದಳಾ?”

ನಾವು ಅದನ್ನೂ ಯೋಚಿಸಿ ನೋಡಿದೆವು.

ಸಿರಿವಂತರು ಬೇಸಿಗೆ ಕಳೆಯಲು ಬರುವ ಲಾಂಗ್ ಐಲೆಂಡಿನ ಈ ತೀರದಲ್ಲಿ ಜೂನ್ ಬಂತೆಂದರೆ ಎಲ್ಲರ ಬೇಲಿಯೂ ಮಟ್ಟವಾಗಿರಬೇಕು. ವಿಟ್ಲಾಕನ ಹಸಿರು ಬೇಲಿ ಹದಿನಾಲ್ಕು ಅಡಿ ಎತ್ತರ, ನಾಲ್ಕು ಅಡಿ ದಪ್ಪ. ಎರಡೂ ಬದಿ ಕತ್ತರಿಸುವವರು ನಾವೇ ಆದ್ದರಿಂದ ಎರಡೂ ಮನೆ ನಮಗೆ ಗೊತ್ತು. ಈಚೆ ಇಬ್ಬರು ಜನ, ಒಂಬತ್ತು ಕಕ್ಕಸು. ನಾಯಿಯ ಸ್ನಾನಕ್ಕೆ ಬೇರೆ ಕೋಣೆ. ಆಚೆ ಇಪ್ಪತ್ತಮೂರು ಕಕ್ಕಸು, ಆಳುಗಳ ಹೊರತು ಜನ ಯಾರೂ ಇಲ್ಲ. ಯಜಮಾನರು ಆಗಸ್ಟಿನಲ್ಲಿ ಹತ್ತು ದಿನ ಬರುತ್ತಾರೆ. ನಮಗೆ ಒಂದೂ ಇಲ್ಲ. ಬಾಡಿಗೆಗೆ ಒಂದು ಪ್ಲಾಸ್ಟಿಕ್ ಕಕ್ಕಸು ತಂದಿಡಲೇ ಎಂದು ಮೇಸ್ತ್ರಿ ಕೇಳಿದ್ದ. ಆಚೆಯವರ ಕಣ್ಣಿಗೆ ಬಿದ್ದರೆ ಮರ್ಯಾದೆ ಏನಾದೀತು ಎಂದು ವಿಟ್ಲಾಕ್ ಬೇಡವೆಂದ.

ಗಂಡಸರಿಗೆ ಹುಯ್ಯಲು ಬಾಟಲಿ ಇತ್ತು. ನಮ್ಮಲ್ಲಿ ಒಬ್ಬಳೇ ಹೆಂಗಸಾದ ಕಾಂದೆಲಾರಿಯಾ ಅಕ್ಕ ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯುತ್ತಿರಲಿಲ್ಲ. ಹೋದ ವಾರ ಅವಳ ಉಚ್ಚೆಯಲ್ಲಿ ರಕ್ತ ಬಂತು. ನೀರು ಕುಡಿ, ತಡೆಹಿಡಿಯಬೇಡ, ಇಲ್ಲದಿದ್ದರೆ ಕಿಡ್ನಿ ಹೋಗುತ್ತದೆ ಎಂದರು ಧರ್ಮಾಸ್ಪತ್ರೆಯಲ್ಲಿ. ಈವತ್ತು ಅವಳು ಎರಡು ಬಾಟಲಿ ನೀರು ಕುಡಿದಿದ್ದಳು.

“ನಾನೂ ಹುಯ್ದಿಲ್ಲ ಸಾಹೇಬ್ರೇ,” ಎಂದಳು. “ಈಗ ಹುಯ್ಬೇಕು. ಒಸಿ ಒಳಿಕ್ಕೆ ಬುಡಿ.”

“ಈ ಬೂಟಲ್ಲಾ, ಅಮಿಗೋ?” ನಮ್ಮ ಸ್ಪ್ಯಾನಿಷಿನಲ್ಲಿ ಅಮಿಗೋ ಅಂದರೆ ಗೆಳೆಯ. ಅವನು ನಮ್ಮೆಲ್ಲರನ್ನೂ ಹಾಗೇ ಕರೆಯುತ್ತಿದ್ದ, ಅವಳನ್ನೂ.

“ಬಿಚ್ತೀನಿ.”

“ನೋಡು, ನಿಮ್ ಕಣ್ಣಿಗೆ ನಾನು ಭಾರೀ ಶ್ರೀಮಂತ. ನಾನು ದುಡ್ಕೊಂಡು ತಿನ್ನೋನು ಕಣಮ್ಮ. ಶ್ರೀಮಂತ ಅಂದ್ರೆ ಅವ್ನು.” ಬೇಲಿಯ ಕಡೆ ಗದ್ದ ಎತ್ತಿದ. ದನಿಯಲ್ಲಿ ನಿಜವಾದ ಸಂಕಟವಿತ್ತು. “ನನ್ನಂಥೋರು ನೂರು ಜನ ಸೇರಿದ್ರೂ ಅವ್ನ ಕಾಲ್ಧೂಳಿಗೆ ಸಮ ಇಲ್ಲ. ಆರು ವರ್ಷ ಆಯ್ತು, ಒಂದ್ಸಲನೂ ಊಟಕ್ಕೆ ಕರ್ದಿಲ್ಲ ಬೋಳಿಮಗ. ಅವ್ನನ್ನ ಹೋಗಿ ಕೇಳು.”

“ಆಚೆ ಹೋಗ್ಲಾ?”

“ಹೋಗು ಅಂದ್ನಲ್ಲ!”

“ಗೇಟು ಸುತ್ತಾಕ್ಕಂಡು ಹೋದ್ರೆ ಅರ್ಧ ಮೈಲಿ ಆಯ್ತದಕ್ಕ,” ಎಂದೆ ನಾನು.

“ಅಷ್ಟೊತ್ತು ತಡ್ಕಳಕ್ಕಾಗಕ್ಕಿಲ್ಲ ಕಣ್ಲಾ.”

ಅವಳು ಬಗ್ಗಿ ಗರಗಸದ ಯಂತ್ರ ಎತ್ತಿಕೊಂಡು ಹಗ್ಗ ಎಳೆದು ಚಾಲೂ ಮಾಡಿದಳು. ವಿಟ್ಲಾಕ್ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಬಾಯಿ ಆಡುವುದು ಮಾತ್ರ ಕಂಡಿತು. ಬುಡದ ಕಾಂಡಗಳು ಒಂದೊಂದಾಗಿ ಉರುಳಿದವು. ಒಬ್ಬಳು ತಲೆ ಬಗ್ಗಿಸದೆ ದಾಟುವಷ್ಟು ಬಾಗಿಲಾಯಿತು. ಮೂಲೆಗಳನ್ನು ಮಟ್ಟ ಮಾಡಿ, ಯಂತ್ರ ಆರಿಸಿ, ಅವಳು ಆಚೆ ಹೋದಳು.

ಬಾಗಿಲಾಚೆ ಹುಲ್ಲು, ಹುಲ್ಲಿನಾಚೆ ಹುಲ್ಲು, ಎಲ್ಲದರ ತುದಿಯಲ್ಲಿ ಆ ಮನೆ. ಅಲ್ಲಿಂದ ನೋಡಿದರೆ ವಿಟ್ಲಾಕನದು ಆಳುಗಳ ಬಿಡಾರದಂತೆ ಕಂಡೀತು. ದೂರದ ಜಗಲಿಯಲ್ಲಿ ಕುರ್ಚಿ ಒರೆಸುತ್ತಿದ್ದ ಆಳೊಬ್ಬ ಇತ್ತ ತಿರುಗಿದ.

ವಿಟ್ಲಾಕ್ ಓಡಿಹೋಗಿ, ಆಚೆಯವರಿಗೆ ತೂತು ಕಾಣದಂತೆ ಸಂದಿಯಲ್ಲಿ ನಿಂತು ಎರಡೂ ಕೈ ಅಗಲಿಸಿದ. ಮುಖ ನಮ್ಮ ಕಡೆ, ಬೆನ್ನು ಆಚೆಗೆ. ಮನೆಯವರೆಗೆ ಹೋಗಿ ಕೇಳುವಷ್ಟು ತಾಳ್ಮೆ ಅಕ್ಕನಿಗೆ ಉಳಿದಿರಲಿಲ್ಲ. ಅವನ ಬೆನ್ನ ಹಿಂದೆಯೇ ಕುಕ್ಕರಿಸಿದಳು. ಜಗಲಿಯ ಆಳು ಮುಖ ಬೇರೆ ಕಡೆ ತಿರುಗಿಸಿಕೊಂಡು ಒರೆಸಿದ ಕುರ್ಚಿಯನ್ನೇ ಮತ್ತೆ ಒರೆಸತೊಡಗಿದ.

“ಇದು ಮತ್ತೆ ಬೆಳ್ದು ಮುಚ್ಕೊಳ್ಳೋಕೆ ಎಷ್ಟು ದಿನ ಬೇಕು?” ಎಂದ ವಿಟ್ಲಾಕ್, ಅಲ್ಲಾಡದೆ.

ಒಕ್ತಾವಿಯೊ ಟೋಪಿ ಹಾಕಿಕೊಂಡ.

“ಮೂರು ವರ್ಸ, ಅಮಿಗೋ. ಕೈ ಇಳಿಸ್ಬ್ಯಾಡ. ಅಕ್ಕಂದಿನ್ನೂ ಆಗಿಲ್ಲ.”